ರ‍್ಯಾಮ್ ಎಂಟು ಪಟ್ಟಾದ ಮೇಲೆ ತಡವರಿಸಿದ ಫೈಲ್ ಸರ್ವರ್: ಒಂದು ಪ್ರಕರಣ ಅಧ್ಯಯನ

16 ಜಿಬಿ ರ‍್ಯಾಮ್ ಇದ್ದ ನೆಟ್‌ವರ್ಕ್ ಸ್ಟೋರೇಜ್ ಸರ್ವರ್ ಒಂದಕ್ಕೆ 128 ಜಿಬಿ ಹಾಕಲಾಯಿತು. ಡಿಸ್ಕ್, ನೆಟ್‌ವರ್ಕ್, ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಯಾವುದೂ ಬದಲಾಗಲಿಲ್ಲ. ಓದುವ ಕೆಲಸ ಚುರುಕಾಯಿತು, ಬರೆಯುವ ಕೆಲಸ ಕೆಟ್ಟಿತು. ಒಬ್ಬರು ದೊಡ್ಡ ಫೈಲ್ ನಕಲು ಮಾಡಲು ಶುರು ಮಾಡಿದರೆ ಸಾಕು, ಉಳಿದವರು ಹತ್ತು ಕೆಬಿಯ ಕಡತ ಉಳಿಸಲೂ ಎರಡು ಮೂರು ನಿಮಿಷ ಕಾಯಬೇಕಾಗುತ್ತಿತ್ತು. ಹೊಸ ರ‍್ಯಾಮ್ ಕೆಟ್ಟಿದೆಯೇ ಎಂದು ಮೆಮೊರಿ ಪರೀಕ್ಷೆ ನಡೆಸಿದ್ದೂ ಆಯಿತು. ಅದರಲ್ಲಿ ದೋಷವಿರಲಿಲ್ಲ.

ಸರ್ವರ್‌ನ ರಚನೆ ಹೀಗಿದೆ. ನಿಮಿಷಕ್ಕೆ 7200 ಸುತ್ತಿನ 8 ಹಾರ್ಡ್ ಡಿಸ್ಕ್‌ಗಳನ್ನು ಲಿನಕ್ಸ್‌ನ ಎಂಡಿ ಸಾಫ್ಟ್‌ವೇರ್ ರೇಡ್ 6ರಲ್ಲಿ, ಅಂದರೆ ಎರಡು ಡಿಸ್ಕ್ ಸತ್ತರೂ ದತ್ತಾಂಶ ಉಳಿಯುವ ಸಮೂಹವಾಗಿ, ಜೋಡಿಸಲಾಗಿದೆ. ಒಂದೊಂದು ಡಿಸ್ಕ್‌ಗೆ ಒಂದು ಸಲಕ್ಕೆ ಹಂಚುವ ತುಂಡು, ಅಂದರೆ ಚಂಕ್, ಗಾತ್ರ 512 ಕೆಬಿ. ಮೇಲೆ ಎಕ್ಸ್‌ಟಿ4 ಫೈಲ್ ಸಿಸ್ಟಮ್, ಅದರ ಮೇಲೆ ಫೈಲ್‌ಗಳನ್ನು ನೆಟ್‌ವರ್ಕ್‌ನಲ್ಲಿ ಹಂಚುವ ಕರ್ನಲ್‌ನದೇ ಎನ್‌ಎಫ್‌ಎಸ್ ಸರ್ವರ್, ವಿನಂತಿಗಳನ್ನು ನಿಭಾಯಿಸಲು 8 ಥ್ರೆಡ್‌ಗಳು. ನೆಟ್‌ವರ್ಕ್ 10 ಗಿಗಾಬಿಟ್, ಅಂದರೆ ವಾಸ್ತವದಲ್ಲಿ ಸೆಕೆಂಡಿಗೆ ಸುಮಾರು 1.1 ಜಿಬಿ ಒಳಗೆ ಬರಬಲ್ಲದು. ಡಿಸ್ಕ್‌ಗಳ ಸಮೂಹ ಸತತವಾಗಿ ಒಂದೇ ಫೈಲ್ ಬರೆಯುವಾಗ ಸೆಕೆಂಡಿಗೆ 500 ಎಂಬಿ ತನಕ ನುಂಗುತ್ತದೆ. ನಾಲ್ಕಾರು ಕಡೆಯಿಂದ ಓದು ಬರಹ ಬೆರೆತಾಗ ಅದು 120 ಎಂಬಿಗೆ ಕುಸಿಯುತ್ತದೆ. ಈ 120 ಎಂಬ ಅಂಕಿಯ ಸುತ್ತಲೇ ಮುಂದಿನ ಲೆಕ್ಕವೆಲ್ಲ ತಿರುಗುತ್ತದೆ.

ಏನು ನಡೆಯುತ್ತಿತ್ತು

ಎನ್‌ಎಫ್‌ಎಸ್ ಕ್ಲೈಂಟ್ (ಬಳಕೆದಾರರ ಯಂತ್ರ) ಕಳಿಸಿದ ದತ್ತಾಂಶ ನೇರವಾಗಿ ಡಿಸ್ಕ್‌ಗೆ ಹೋಗುವುದಿಲ್ಲ. ಮೊದಲು ಸರ್ವರ್‌ನ ಪೇಜ್ ಕ್ಯಾಶ್‌ನಲ್ಲಿ, ಅಂದರೆ ಫೈಲ್‌ಗಳಿಗೆ ಮೀಸಲಾದ ರ‍್ಯಾಮ್‌ನಲ್ಲಿ, 4 ಕೆಬಿ ಪುಟಗಳಾಗಿ ಕೂರುತ್ತದೆ. ಡಿಸ್ಕ್‌ಗೆ ಇನ್ನೂ ಇಳಿಯದ ಇಂಥ ಪುಟಗಳೇ ಡರ್ಟಿ ಪೇಜ್‌ಗಳು. ಎಷ್ಟು ಡರ್ಟಿ ಇರಬಹುದು ಎಂಬುದಕ್ಕೆ ಕರ್ನಲ್ ಎರಡು ಗೆರೆ ಎಳೆದಿರುತ್ತದೆ. ಡರ್ಟಿ ಬ್ಯಾಕ್‌ಗ್ರೌಂಡ್ ರೇಷಿಯೋ ಮೊದಲೇ 10 ಶೇಕಡಾ ಎಂದು ನಿಗದಿಯಾಗಿರುತ್ತದೆ. ಅದನ್ನು ದಾಟಿದರೆ ಹಿನ್ನೆಲೆಯಲ್ಲಿ ಡಿಸ್ಕ್‌ಗೆ ಬರೆಯುವುದು ಆರಂಭ. ಡರ್ಟಿ ರೇಷಿಯೋ 20 ಶೇಕಡಾ. ಅದು ಮೇಲ್ಮಿತಿ. ಈ ಶೇಕಡಾವಾರು ಒಟ್ಟು ರ‍್ಯಾಮ್‌ನದ್ದಲ್ಲ, ಆ ಕ್ಷಣಕ್ಕೆ ಖಾಲಿ ಇರುವ ಮತ್ತು ಮರಳಿ ಪಡೆಯಬಹುದಾದ ಮೆಮೊರಿಯದ್ದು. ಬರೆಯುವವರನ್ನು ತಡೆದು ನಿಲ್ಲಿಸುವುದು ಮೇಲ್ಮಿತಿ ಮುಟ್ಟಿದ ಮೇಲಲ್ಲ, ಎರಡು ಗೆರೆಗಳ ನಡುಮಧ್ಯ ದಾಟಿದಾಗಲೇ. ಅಲ್ಲಿಂದ ಮುಂದೆ ಬರೆಯುವ ಪ್ರತಿ ಥ್ರೆಡ್ಡನ್ನೂ ಕರ್ನಲ್ ತುಸುತುಸು ಹೊತ್ತು ಮಲಗಿಸುತ್ತದೆ. ಒಂದು ಸಲದ ವಿರಾಮ ಗರಿಷ್ಠ 200 ಮಿಲಿಸೆಕೆಂಡು, ಆದರೆ ಅದು ಮತ್ತೆಮತ್ತೆ ಬರುತ್ತದೆ.

16 ಜಿಬಿ ಕಾಲದಲ್ಲಿ ಸುಮಾರು 14 ಜಿಬಿ ಈ ಲೆಕ್ಕಕ್ಕೆ ಸಿಗುತ್ತಿತ್ತು. ಮೇಲ್ಮಿತಿ 2.8 ಜಿಬಿ. ಸೆಕೆಂಡಿಗೆ 120 ಎಂಬಿಯಂತೆ ಖಾಲಿ ಮಾಡಿದರೆ 24 ಸೆಕೆಂಡು. ಕಿರಿಕಿರಿಯೇ ಸರಿ, ಆದರೂ ಜನ ಸಹಿಸಿಕೊಂಡಿದ್ದರು. 128 ಜಿಬಿ ಆದ ಮೇಲೆ ಲೆಕ್ಕಕ್ಕೆ ಸಿಗುವುದು 118 ಜಿಬಿ. ಹಿನ್ನೆಲೆ ಗೆರೆ 11.8 ಜಿಬಿ, ಮೇಲ್ಮಿತಿ 23.6 ಜಿಬಿ. ಖಾಲಿಯಾಗಲು ಬೇಕಾದ ಸಮಯ ಸುಮಾರು 200 ಸೆಕೆಂಡು. ರ‍್ಯಾಮ್ ಹೆಚ್ಚಿದಂತೆ ಸರ್ವರ್‌ಗೆ ಸಿಗುವ ಸಾಲದ ಮಿತಿ ತಾನಾಗಿ ಏರಿತು, ತೀರಿಸುವ ದುಡಿಮೆ ಮಾತ್ರ ಅಷ್ಟೇ ಉಳಿಯಿತು.

ದೊಡ್ಡ ನಕಲು ಆರಂಭಿಸಿದವರಿಗೆ ಮೊದಲ ಹನ್ನೊಂದು ಹನ್ನೆರಡು ಸೆಕೆಂಡು ಡಿಸ್ಕ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಎಲ್ಲವೂ ರ‍್ಯಾಮ್‌ಗೆ ಬೀಳುತ್ತದೆ. ಇನ್ನು ಆರೇಳು ಸೆಕೆಂಡಿಗೆ ನಡುಮಧ್ಯದ 17.7 ಜಿಬಿ ತುಂಬುತ್ತದೆ. ಪರದೆಯ ಮೇಲೆ ಸೆಕೆಂಡಿಗೆ 1.1 ಜಿಬಿ ಎಂದು ತೋರುತ್ತಿದ್ದ ವೇಗ ದಿಢೀರನೆ ನೆಲ ಕಚ್ಚುವುದು ಆಗ.

ಉಳಿದವರು ಸಿಕ್ಕಿಕೊಳ್ಳುವುದು ಏಕೆ ಎಂಬುದು ಇನ್ನೂ ಮುಖ್ಯ. ಸಣ್ಣ ಕಡತ ಉಳಿಸುವ ಕ್ಲೈಂಟ್ ಫೈಲ್ ಮುಚ್ಚುವಾಗ ಕಮಿಟ್ ವಿನಂತಿ ಕಳಿಸುತ್ತದೆ. ಆ ಫೈಲಿನ ಪುಟಗಳನ್ನು ಸರ್ವರ್ ಡಿಸ್ಕ್‌ಗೆ ಇಳಿಸಿಯೇ ಉತ್ತರ ಕೊಡಬೇಕು. ಪುಟಗಳು ಮೂರೇ ಇರಬಹುದು, ಆದರೆ ಎಕ್ಸ್‌ಟಿ4ನ ಆರ್ಡರ್ಡ್ ಕ್ರಮದಲ್ಲಿ ಅದೇ ಜರ್ನಲ್ (ಫೈಲ್ ಸಿಸ್ಟಮ್ ತನ್ನ ಬದಲಾವಣೆಗಳನ್ನು ಬರೆದಿಡುವ ದಿನಚರಿ) ವಹಿವಾಟಿನಲ್ಲಿ ಹೊಸ ಬ್ಲಾಕ್ ಪಡೆದ ಇತರ ಫೈಲ್‌ಗಳ ದತ್ತಾಂಶವೂ ಇಳಿದ ಮೇಲೆಯೇ ಜರ್ನಲ್ ಮುದ್ರೆ ಬೀಳುತ್ತದೆ. ದೊಡ್ಡ ನಕಲಿನ ಹಿಂದೆ ಸಣ್ಣ ಕಡತ ಸರದಿ ನಿಲ್ಲುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ 8 ಥ್ರೆಡ್‌ಗಳೂ ಹೀಗೆ ತಡೆಯಲ್ಲಿ ಅಥವಾ ಕಮಿಟ್‌ನಲ್ಲಿ ಕೂತುಬಿಟ್ಟರೆ ಪೂರ್ತಿ ರ‍್ಯಾಮ್‌ನಲ್ಲೇ ಇರುವ ಫೈಲನ್ನು ಓದಿಕೊಡಲೂ ಥ್ರೆಡ್ ಉಳಿಯುವುದಿಲ್ಲ. ಕ್ಯಾಶ್‌ನಲ್ಲಿರುವುದೇ ನಿಧಾನ ಎಂಬ ದೂರು ಬಂದಾಗ ಜನ ಕ್ಯಾಶ್ ಅನ್ನೇ ಶಂಕಿಸುತ್ತಾರೆ. ಮೊದಲು ಎಣಿಸಬೇಕಾದದ್ದು ಥ್ರೆಡ್‌ಗಳನ್ನು.

ಮೊದಲು ಕೊಟ್ಟ ತಪ್ಪು ಮದ್ದುಗಳು

ಫ್ರೀ ಆಜ್ಞೆ ಓಡಿಸಿದಾಗ ಖಾಲಿ ಮೆಮೊರಿ 1 ಜಿಬಿ ಮಾತ್ರ ಎಂದು ಕಂಡಿತು. ಮೆಮೊರಿ ಮುಗಿದಿದೆ ಎಂದುಕೊಂಡು ಕ್ಯಾಶ್ ಖಾಲಿ ಮಾಡಿಸುವ ಡ್ರಾಪ್ ಕ್ಯಾಶಸ್ ಎಂಬ ಕರ್ನಲ್ ಕಡತಕ್ಕೆ ಗಂಟೆಗೊಮ್ಮೆ 3 ಬರೆಯುವ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ) ಕೆಲಸ ಹಾಕಲಾಯಿತು. ನೋಡಬೇಕಿದ್ದದ್ದು ಅವೈಲಬಲ್ ಎಂಬ ಕಾಲಂ, ಫ್ರೀ ಅಲ್ಲ. ಪೇಜ್ ಕ್ಯಾಶ್ ತುಂಬಿರುವುದೇ ಆರೋಗ್ಯದ ಲಕ್ಷಣ. ಡ್ರಾಪ್ ಕ್ಯಾಶಸ್ ತೆಗೆದುಹಾಕುವುದು ಶುದ್ಧ ಪುಟಗಳನ್ನು, ಜೊತೆಗೆ ಡೆಂಟ್ರಿ (ಫೈಲಿನ ಹೆಸರಿನ ನಮೂದು) ಮತ್ತು ಇನೋಡ್‌ಗಳನ್ನು (ಫೈಲಿನ ಗಾತ್ರ, ಜಾಗ ಮುಂತಾದ ವಿವರ). ತೊಂದರೆ ಕೊಡುತ್ತಿದ್ದ ಡರ್ಟಿ ಪುಟಗಳನ್ನು ಅದು ಮುಟ್ಟುವುದೇ ಇಲ್ಲ. ಹಾಗಾಗಿ ಗಂಟೆಗೊಮ್ಮೆ ಎಲ್ಲ ಓದುಗಳೂ ಡಿಸ್ಕ್‌ಗೆ ಬಿದ್ದವು, ಬರಹದ ಜೊತೆ ಪೈಪೋಟಿಗಿಳಿದವು, ಖಾಲಿ ಮಾಡುವ ವೇಗ 120ಕ್ಕಿಂತಲೂ ಇಳಿಯಿತು. ಆ ಸೌಲಭ್ಯ ಇರುವುದು ತಣ್ಣನೆಯ ಕ್ಯಾಶ್‌ನಿಂದ ಅಳತೆ ಆರಂಭಿಸುವವರಿಗೆ. ಚಾಲ್ತಿಯಲ್ಲಿರುವ ಸರ್ವರ್‌ನ ಕ್ರಾನ್‌ನಲ್ಲಿ ಅದು ಕಂಡರೆ ಮರುಮಾತಿಲ್ಲದೆ ಅಳಿಸಬಹುದು.

ಎರಡನೆಯ ಮದ್ದು ಎನ್‌ಎಫ್‌ಎಸ್ ಸರ್ವರ್ ಹಂಚುವ ಕೋಶಗಳನ್ನು ಸೂಚಿಸುವ ಎಕ್ಸ್‌ಪೋರ್ಟ್ ಸಾಲಿನಲ್ಲಿ ಸಿಂಕ್ ತೆಗೆದು ಎಸಿಂಕ್ ಹಾಕಿದ್ದು. ಇದು ಕೆಲಸ ಮಾಡಿದಂತೆ ಕಂಡಿತು, ಅಪಾಯ ಇರುವುದೂ ಅಲ್ಲೇ. ಸಿಂಕ್ ಇದ್ದಾಗ ಕ್ಲೈಂಟ್ ತನ್ನ ಪ್ರತಿಯನ್ನು ಕಮಿಟ್ ಉತ್ತರ ಬರುವವರೆಗೂ ಇಟ್ಟುಕೊಂಡಿರುತ್ತದೆ. ಪ್ರತಿ ಉತ್ತರದಲ್ಲೂ ಸರ್ವರ್ ಒಂದು ರೈಟ್ ವೆರಿಫೈಯರ್ ಸಂಖ್ಯೆ ಕಳಿಸುತ್ತದೆ. ಸರ್ವರ್ ನಡುವೆ ಬಿದ್ದು ಎದ್ದರೆ ಆ ಸಂಖ್ಯೆ ಬದಲಾಗುತ್ತದೆ, ಕ್ಲೈಂಟ್ ಅದನ್ನು ಗಮನಿಸಿ ಕಮಿಟ್ ಆಗದ ದತ್ತಾಂಶವನ್ನೆಲ್ಲ ಮತ್ತೆ ಕಳಿಸುತ್ತದೆ. ಸರ್ವರ್ ರ‍್ಯಾಮ್‌ನಲ್ಲಿ ಬರಹ ಇಟ್ಟುಕೊಂಡರೂ ಏನೂ ಕಳೆದುಹೋಗದಿರುವುದು ಈ ಏರ್ಪಾಟಿನಿಂದ. ಎಸಿಂಕ್ ಹಾಕಿದರೆ ಡಿಸ್ಕ್‌ಗೆ ಇಳಿಯುವ ಮೊದಲೇ ಇಳಿದಿದೆ ಎಂಬ ಉತ್ತರ ಹೋಗುತ್ತದೆ, ಕ್ಲೈಂಟ್ ತನ್ನ ಪ್ರತಿಯನ್ನು ಬಿಟ್ಟುಬಿಡುತ್ತದೆ. ವಿದ್ಯುತ್ ಹೋದರೆ 20 ಜಿಬಿ ತನಕ ಯಾರ ಬಳಿಯೂ ಇಲ್ಲದ ದತ್ತಾಂಶ ಮಾಯವಾಗಬಹುದು, ಅದೂ ಯಾವ ದೋಷ ಸಂದೇಶವೂ ಇಲ್ಲದೆ. ಮರಳಿ ಸಿಂಕ್‌ಗೆ ಹಾಕಿಸಲಾಯಿತು.

ಮೂರನೆಯದು ಕ್ಲೈಂಟ್‌ಗಳಲ್ಲಿ ಸಿಂಕ್ ಆಯ್ಕೆಯೊಂದಿಗೆ ಮೌಂಟ್ ಮಾಡಿದ್ದು, ಅಂದರೆ ಪ್ರತಿ ಬರಹಕ್ಕೂ ಡಿಸ್ಕ್ ಕಾಯುವುದು. ರೇಡ್ 6ರಲ್ಲಿ ಪಟ್ಟಿಯ (ಸ್ಟ್ರೈಪ್, ಎಲ್ಲ ಡಿಸ್ಕ್‌ಗಳಿಗೂ ಹರಡಿದ ಒಂದು ಸಾಲು ಚಂಕ್‌ಗಳು) ಒಂದು ಚೂರು ಬರೆಯಬೇಕಾದರೆ ಹಳೆಯ ದತ್ತಾಂಶ ಮತ್ತು ಎರಡು ಪ್ಯಾರಿಟಿಗಳನ್ನು (ಸತ್ತ ಡಿಸ್ಕ್‌ನ ದತ್ತಾಂಶ ಮರಳಿ ಲೆಕ್ಕ ಹಾಕಲು ಇಡುವ ಹೆಚ್ಚುವರಿ ಚಂಕ್‌ಗಳು) ಓದಿ ಮೂರನ್ನೂ ಮತ್ತೆ ಬರೆಯಬೇಕು. ಒಂದು ಸಣ್ಣ ಬರಹಕ್ಕೆ ಆರು ಡಿಸ್ಕ್ ಕಾರ್ಯ. ಅದರ ಗತಿ ಊಹಿಸಿಕೊಳ್ಳಬಹುದು.

ರೋಗಪತ್ತೆ

ಸಮಸ್ಯೆ ನಡೆಯುತ್ತಿರುವಾಗಲೇ ನೋಡಬೇಕು, ಆಮೇಲೆ ನೋಡಿದರೆ ಏನೂ ಕಾಣುವುದಿಲ್ಲ. ಒಂದು ಟರ್ಮಿನಲ್‌ನಲ್ಲಿ ಮೆಮೊರಿಯ ಸ್ಥಿತಿ ತೋರಿಸುವ ಮೆಮ್‌ಇನ್ಫೋ ಕಡತದ ಡರ್ಟಿ ಮತ್ತು ರೈಟ್‌ಬ್ಯಾಕ್ ಸಾಲುಗಳನ್ನು ಸೆಕೆಂಡಿಗೊಮ್ಮೆ ಹೊಸದಾಗಿ ತೋರಿಸುವಂತೆ ಇಡಲಾಯಿತು. ಇನ್ನೊಂದರಲ್ಲಿ ಡಿಸ್ಕ್‌ಗಳ ಕೆಲಸ ಅಳೆಯುವ ಐಓಸ್ಟ್ಯಾಟ್ ವಿಸ್ತೃತ ರೂಪದಲ್ಲಿ, ಸೆಕೆಂಡಿನ ಅಂತರದಲ್ಲಿ. ಡರ್ಟಿ ಅಂಕಿ ಏರುತ್ತಾ 18 ಜಿಬಿ ಸುತ್ತಮುತ್ತ ಬಂದು ನಿಂತುಬಿಟ್ಟಿತು, ಮತ್ತೆ ಇಳಿಯಲೇ ಇಲ್ಲ. ವಿಎಂಸ್ಟ್ಯಾಟ್ ಕಡತದಲ್ಲಿ ಡರ್ಟಿ ಥ್ರೆಶೋಲ್ಡ್ ಮತ್ತು ಬ್ಯಾಕ್‌ಗ್ರೌಂಡ್ ಥ್ರೆಶೋಲ್ಡ್ ಎಂಬ ಎರಡು ಸಾಲುಗಳಿವೆ. ಅವು ಪುಟಗಳ ಎಣಿಕೆ, 4 ಕೆಬಿಯಿಂದ ಗುಣಿಸಿದರೆ ಆ ಕ್ಷಣದ ನಿಜವಾದ ಗೆರೆಗಳು ಸಿಗುತ್ತವೆ. ಶೇಕಡಾವಾರಿನಿಂದ ಅಂದಾಜು ಮಾಡುವುದಕ್ಕಿಂತ ಇದನ್ನು ಓದುವುದು ಮೇಲು.

ಮುಂದೆ ಎನ್‌ಎಫ್‌ಎಸ್ ಥ್ರೆಡ್‌ಗಳ ಸ್ಥಿತಿ. ಪಿಎಸ್ ಆಜ್ಞೆಯಲ್ಲಿ ಎಂಟಕ್ಕೆ ಎಂಟೂ ಡಿ ಸ್ಥಿತಿಯಲ್ಲಿದ್ದವು, ಎಬ್ಬಿಸಲಾಗದ ನಿದ್ರೆ. ಪ್ರಾಕ್‌ನಲ್ಲಿ (ಕರ್ನಲ್ ತನ್ನ ಸ್ಥಿತಿ ತೋರಿಸುವ ಕೋಶ) ಅವುಗಳ ಸ್ಟ್ಯಾಕ್ ಕಡತ ತೆರೆದಾಗ ಕೆಲವು ಬ್ಯಾಲೆನ್ಸ್ ಡರ್ಟಿ ಪೇಜಸ್ ಎಂಬ ಫಂಕ್ಷನ್‌ನಲ್ಲಿ, ಉಳಿದವು ಜರ್ನಲ್ ಕಮಿಟ್ ಕಾಯುವಲ್ಲಿ ಸಿಕ್ಕಿದ್ದವು. ಇಲ್ಲಿಗೆ ಅನುಮಾನ ಮುಗಿಯಿತು. ಕರ್ನಲ್ ದಾಖಲೆಯಲ್ಲಿ 120 ಸೆಕೆಂಡಿಗೂ ಹೆಚ್ಚು ತಡೆಯಲ್ಲಿರುವ ಕಾರ್ಯ ಎಂಬ ಎಚ್ಚರಿಕೆಗಳೂ ಸಿಕ್ಕವು. ಹಳೆಯ 24 ಸೆಕೆಂಡಿನ ಕಾಲದಲ್ಲಿ ಅವು ಬರಲು ಅವಕಾಶವೇ ಇರಲಿಲ್ಲ.

ಡಿಸ್ಕ್‌ಗಳ ಬಳಕೆ ನೂರು ಶೇಕಡಾ, ಬರಹ ಸೆಕೆಂಡಿಗೆ 110ರಿಂದ 130 ಎಂಬಿ. ತಯಾರಕರ ಕರಪತ್ರದ ವೇಗವನ್ನಾಗಲಿ, ಖಾಲಿ ಸರ್ವರ್‌ನಲ್ಲಿ ಅಳೆದ 500ನ್ನಾಗಲಿ ಲೆಕ್ಕಕ್ಕೆ ಹಿಡಿಯಬಾರದು. ಅತಿ ಕೆಟ್ಟ ಹೊತ್ತಿನಲ್ಲಿ ಡಿಸ್ಕ್ ಎಷ್ಟು ಇಳಿಸಿಕೊಳ್ಳುತ್ತದೆ ಎಂಬುದೇ ಬೇಕಾದ ಅಂಕಿ.

ಸರಿಪಡಿಸಿದ್ದು

ಗೆರೆಗಳನ್ನು ರ‍್ಯಾಮ್‌ನ ಶೇಕಡಾವಾರಿನಲ್ಲಿ ಅಲ್ಲ, ಡಿಸ್ಕ್‌ನ ಸೆಕೆಂಡುಗಳಲ್ಲಿ ಎಳೆಯಬೇಕು. ಅತಿ ಕೆಟ್ಟ ಹೊತ್ತಿನಲ್ಲೂ ಎಂಟೊಂಬತ್ತು ಸೆಕೆಂಡಿನಲ್ಲಿ ಎಲ್ಲವೂ ಖಾಲಿಯಾಗಬೇಕು ಎಂದು ಇಟ್ಟುಕೊಂಡರೆ ಮೇಲ್ಮಿತಿ ಸುಮಾರು 1 ಜಿಬಿ. ಹಿನ್ನೆಲೆ ಗೆರೆಗೆ ಎರಡು ಸೆಕೆಂಡಿನಷ್ಟು, 256 ಎಂಬಿ. ಬೂಟ್ ಆಗುವಾಗ ಕರ್ನಲ್ ಮೌಲ್ಯಗಳನ್ನು ಹೊಂದಿಸುವ ಸಿಸ್‌ಸಿಟಿಎಲ್ ಡಿ ಕೋಶದಲ್ಲಿ ಒಂದು ಕಡತ ಮಾಡಿ ಎರಡು ಸಾಲು ಬರೆಯಲಾಯಿತು:

ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್ = 268435456
ವಿಎಂ.ಡರ್ಟಿ_ಬೈಟ್ಸ್ = 1073741824

ಬೈಟ್ಸ್ ಬರೆದ ಕೂಡಲೇ ಅದರ ಜೋಡಿಯ ರೇಷಿಯೋ ಸೊನ್ನೆಯಾಗುತ್ತದೆ. ಗಾಬರಿ ಬೇಡ, ಎರಡರಲ್ಲಿ ಕೊನೆಗೆ ಬರೆದದ್ದು ಮಾತ್ರ ಜಾರಿಯಲ್ಲಿರುತ್ತದೆ. ಕರ್ನಲ್ ಮೌಲ್ಯಗಳನ್ನು ತಾನೇ ಹೊಂದಿಸುವ ಟ್ಯೂನ್ಡ್‌ನಂಥ ಸೇವೆ ಓಡುತ್ತಿದ್ದರೆ ಅದು ಬೂಟ್ ಆದ ಮೇಲೆ ತನ್ನ ಮೌಲ್ಯವನ್ನು ಮೇಲೆ ಬರೆಯಬಹುದು. ಹಾಗಾಗಿ ಒಮ್ಮೆ ಮರುಬೂಟ್ ಮಾಡಿ ಮೌಲ್ಯ ಓದಿ ನೋಡುವುದು ಕಡ್ಡಾಯ. ಕಡತದಲ್ಲಿ ಸರಿಯಾಗಿ ಬರೆದು ಕರ್ನಲ್‌ನಲ್ಲಿ ಬೇರೆಯದೇ ಇರುವ ಸರ್ವರ್‌ಗಳು ಅಪರೂಪವಲ್ಲ.

ಹಿನ್ನೆಲೆ ಗೆರೆಯನ್ನು ಇನ್ನೂ ಇಳಿಸಿ 32 ಎಂಬಿ ಮಾಡಿದರೆ? ಇಲ್ಲಿ ಪಟ್ಟಿಯ ಲೆಕ್ಕ ಬರುತ್ತದೆ. 8 ಡಿಸ್ಕ್‌ನ ರೇಡ್ 6ರಲ್ಲಿ ದತ್ತಾಂಶಕ್ಕೆ 6, ಚಂಕ್ 512 ಕೆಬಿ, ಪೂರ್ಣ ಪಟ್ಟಿ 3 ಎಂಬಿ. ಪೂರ್ಣ ಪಟ್ಟಿ ಒಟ್ಟಿಗೆ ಬಂದರೆ ಹಳೆಯದನ್ನು ಓದದೆ ಪ್ಯಾರಿಟಿ ಲೆಕ್ಕ ಹಾಕಬಹುದು. 256 ಎಂಬಿಯಲ್ಲಿ ಇಂಥ ಪಟ್ಟಿಗಳು 85, ಜೋಡಿಸಿಕೊಳ್ಳಲು ಸಾಕಷ್ಟು ಜಾಗ. 32 ಎಂಬಿಯಲ್ಲಿ ಹತ್ತು ಬರಹಗಾರರು ಹಂಚಿಕೊಂಡರೆ ಯಾರದ್ದೂ ಎರಡು ಪಟ್ಟಿ ತುಂಬುವುದಿಲ್ಲ. ಚೂರುಪಾರು ಬರಹ ಹೆಚ್ಚಿ 120 ಎಂಬಿ ಇನ್ನೂ ಕುಸಿಯುತ್ತದೆ. ಮಿತಿ ತಗ್ಗಿಸುವುದಕ್ಕೂ ಒಂದು ತಳ ಇದೆ.

ಇದೇ ಕಾರಣಕ್ಕೆ ಪಟ್ಟಿಗಳನ್ನು ಜೋಡಿಸಿಕೊಳ್ಳಲು ಎಂಡಿ ಬಳಸುವ ಸ್ಟ್ರೈಪ್ ಕ್ಯಾಶ್ ಸೈಜ್ ಅನ್ನು ಮೂಲದ 256ರಿಂದ 4096ಕ್ಕೆ ಏರಿಸಲಾಯಿತು. ಅದು ತಿನ್ನುವ ಮೆಮೊರಿ ಪುಟದ ಗಾತ್ರ, ಡಿಸ್ಕ್ ಸಂಖ್ಯೆ ಮತ್ತು ಈ ಸಂಖ್ಯೆಯ ಗುಣಲಬ್ಧ: 4 ಕೆಬಿ, 8, 4096 ಸೇರಿ 128 ಎಂಬಿ. ಮರುಬೂಟ್ ನಂತರ ಈ ಮೌಲ್ಯ ಉಳಿಯುವುದಿಲ್ಲ, ಸಾಧನ ಕಾಣಿಸಿಕೊಂಡಾಗ ಅದನ್ನು ಮತ್ತೆ ಹೊಂದಿಸುವ ಯೂಡೆವ್ ನಿಯಮ ಬರೆದಿಡಬೇಕು.

ಎನ್‌ಎಫ್‌ಎಸ್ ಥ್ರೆಡ್‌ಗಳನ್ನು 8ರಿಂದ 64ಕ್ಕೆ ಏರಿಸಿದ್ದು ಡರ್ಟಿ ಗೆರೆಗಳನ್ನು ಸರಿಪಡಿಸಿದ ಮೇಲೆ. ಕ್ರಮ ಮುಖ್ಯ. ಗೆರೆ ಹಾಗೇ ಬಿಟ್ಟು ಥ್ರೆಡ್ ಮಾತ್ರ ಏರಿಸಿದರೆ ತಡೆಯಲ್ಲಿ ಮಲಗುವವರ ಸಂಖ್ಯೆ 64 ಆಗುತ್ತದೆ, ಅಷ್ಟೇ ಲಾಭ.

ಮೂವತ್ತು ಸೆಕೆಂಡಿನ ಡರ್ಟಿ ಎಕ್ಸ್‌ಪೈರ್ ಮತ್ತು ಐದು ಸೆಕೆಂಡಿನ ರೈಟ್‌ಬ್ಯಾಕ್ ಅವಧಿಗಳನ್ನು ಮುಟ್ಟಲಿಲ್ಲ. ಮೆಮೊರಿಯನ್ನು ಎಷ್ಟು ಬೇಗ ಡಿಸ್ಕ್‌ಗೆ ಸರಿಸಬೇಕು ಎಂಬ ಸ್ವಾಪಿನೆಸ್ ಕೂಡ ಹಾಗೆಯೇ. ಒಂದೇ ದಿನ ಹತ್ತು ಗುಂಡಿ ತಿರುಗಿಸಿದರೆ ಯಾವುದರಿಂದ ಗುಣವಾಯಿತು ಎಂದು ಹೇಳುವವರಿರುವುದಿಲ್ಲ.

ಫಲ: ಡರ್ಟಿ ಅಂಕಿ ಈಗ 640 ಎಂಬಿ ಆಸುಪಾಸಿನಲ್ಲಿ, ಅಂದರೆ ಹೊಸ ನಡುಮಧ್ಯದಲ್ಲಿ ತೂಗಾಡುತ್ತದೆ. ದೊಡ್ಡ ನಕಲಿನ ನಡುವೆಯೂ ಸಣ್ಣ ಕಡತ ಕೆಲವೇ ಸೆಕೆಂಡಿನಲ್ಲಿ ಉಳಿಯುತ್ತದೆ. ಆದರೆ ದೊಡ್ಡ ನಕಲು ಮಾಡುವವರು ವೇಗ ಕಡಿಮೆಯಾಯಿತು ಎಂದು ದೂರುವುದು ಖಚಿತ, ಏಕೆಂದರೆ ಆರಂಭದ 1.1 ಜಿಬಿಯ ಜಿಗಿತ ಈಗ ಕಾಣುವುದಿಲ್ಲ. 100 ಜಿಬಿ ಫೈಲ್ ಒಂಟಿಯಾಗಿ ಹೋದರೂ ಡಿಸ್ಕ್‌ನ 500 ಎಂಬಿ ವೇಗದಲ್ಲಿ ಸುಮಾರು 200 ಸೆಕೆಂಡು ಬೇಕು. ಮೊದಲೂ ಅಷ್ಟೇ ಬೇಕಿತ್ತು, ಫೈಲ್ ಮುಚ್ಚುವಾಗಿನ ಕಮಿಟ್‌ನಲ್ಲಿ ಕೊನೆಗೆ ಕಾಯುತ್ತಿದ್ದರು.

ಬೆಳಗಿನ ನಿಧಾನ, ಅದರ ಬೇರೆ ಕಾರಣ

ಬರಹದ ತೊಂದರೆ ಕಳೆದ ಮೇಲೆ ಅದರ ಮರೆಯಲ್ಲಿದ್ದ ಇನ್ನೊಂದು ಕಂಡಿತು. ಬೆಳಗಿನ ಮೊದಲ ಗಂಟೆ ಕೋಶಗಳನ್ನು ತೆರೆದರೆ ಪಟ್ಟಿ ಬರಲು ಹತ್ತು ಸೆಕೆಂಡು, ಮಧ್ಯಾಹ್ನದ ಹೊತ್ತಿಗೆ ಸರಿ. ರಾತ್ರಿ ಬ್ಯಾಕಪ್ 40 ಲಕ್ಷ ಫೈಲ್‌ಗಳನ್ನು ಸುತ್ತಿ, ಬದಲಾದವನ್ನು ಪೂರ್ತಿ ಓದುತ್ತಿತ್ತು. ಒಮ್ಮೆ ಓದಿ ಮತ್ತೆಂದೂ ಮುಟ್ಟದ ಪುಟಗಳು ಹಗಲಿನ ಉಪಯುಕ್ತ ಪುಟಗಳನ್ನೂ ಇನೋಡ್‌ಗಳನ್ನೂ ಹೊರಗೆ ತಳ್ಳುತ್ತಿದ್ದವು. ಒಮ್ಮೆ ಮಾತ್ರ ಓದಿದ ಪುಟ ಇನ್‌ಆಕ್ಟಿವ್ ಪಟ್ಟಿಯಲ್ಲೇ ಸಾಯಬೇಕು ಎಂಬುದು ಕರ್ನಲ್‌ನ ವಿನ್ಯಾಸ. ಆದರೂ ಟೆರಾಬೈಟ್‌ಗಟ್ಟಲೆ ಓದು ಗಂಟೆಗಟ್ಟಲೆ ಹರಿದರೆ, ಹಗಲಿನ ಜನ ಮನೆಗೆ ಹೋಗಿರುವಾಗ, ಆ ರಕ್ಷಣೆ ಸವೆಯುತ್ತದೆ.

ಇನೋಡ್ ಹೋದರೆ ಪೆಟ್ಟು ದೊಡ್ಡದು. ಎಕ್ಸ್‌ಟಿ4ನಲ್ಲಿ 256 ಬೈಟಿನ 16 ಇನೋಡ್ ಒಂದು 4 ಕೆಬಿ ಬ್ಲಾಕ್‌ನಲ್ಲಿರುತ್ತವೆ. 20,000 ಫೈಲಿನ ಕೋಶಕ್ಕೆ ಕನಿಷ್ಠ 1,250 ಬ್ಲಾಕ್. ಅವು ಚದುರಿದ್ದು ಒಂದೊಂದಕ್ಕೂ 8 ಮಿಲಿಸೆಕೆಂಡು ಹಿಡಿದರೆ ಅದೇ ಆ ಹತ್ತು ಸೆಕೆಂಡು. ಮೆಮೊರಿಯಲ್ಲಿ ಎಕ್ಸ್‌ಟಿ4 ಇನೋಡ್ ಸುಮಾರು 1 ಕೆಬಿ, ಡೆಂಟ್ರಿ 192 ಬೈಟ್. 40 ಲಕ್ಷಕ್ಕೆ 5 ಜಿಬಿಯೂ ಆಗದು. 128 ಜಿಬಿ ಇರುವ ಯಂತ್ರ ಇಷ್ಟನ್ನು ಹಿಡಿದಿಡಲಾರದೆ ಹೋಗುವುದು ಸಂಕೋಚದ ಸಂಗತಿ.

ಬ್ಯಾಕಪ್ ಕೆಲಸವನ್ನು ಸಿಸ್ಟಮ್‌ಡಿ ರನ್ ಮೂಲಕ ಮೆಮೊರಿಹೈ 2ಜಿ ಎಂಬ ಮಿತಿಯೊಂದಿಗೆ ಪ್ರತ್ಯೇಕ ಸಿಗ್ರೂಪ್‌ನಲ್ಲಿ (ಮೆಮೊರಿಯ ಲೆಕ್ಕ ಬೇರೆಯಾಗಿಡುವ ಪ್ರಕ್ರಿಯೆಗಳ ಗುಂಪು) ಓಡಿಸಲಾಯಿತು. ಅದು ತಂದ ಪುಟಗಳು ಅದರ ಲೆಕ್ಕಕ್ಕೇ ಜಮೆಯಾಗಿ, 2 ಜಿಬಿ ದಾಟಿದಾಗ ಅದರವೇ ಹೊರಹೋಗುತ್ತವೆ. ಇದಕ್ಕೆ ಎರಡನೇ ಆವೃತ್ತಿಯ ಸಿಗ್ರೂಪ್ ಬೇಕು. ಇದೇ ಉಪಾಯವನ್ನು ಎನ್‌ಎಫ್‌ಎಸ್ ಸರ್ವರ್‌ಗೆ ಹೂಡಲು ಹೋಗಬೇಡಿ. ಅದರ ಥ್ರೆಡ್‌ಗಳು ಕರ್ನಲ್‌ನವು, ಮೂಲ ಸಿಗ್ರೂಪ್‌ನಲ್ಲೇ ಇರುತ್ತವೆ. ವಿಎಫ್‌ಎಸ್ ಕ್ಯಾಶ್ ಪ್ರೆಶರ್ ಎಂಬ ಕರ್ನಲ್ ಮೌಲ್ಯ 100ರಿಂದ 50ಕ್ಕೆ ಇಳಿಯಿತು, ಅಂದರೆ ಇನೋಡ್‌ಗಳನ್ನು ಬಿಟ್ಟುಕೊಡಲು ಕರ್ನಲ್ ಹಿಂಜರಿಯುತ್ತದೆ. ಸೊನ್ನೆ ಮಾಡಬಾರದು. ಆಗ ಅವನ್ನು ಬಿಡುವುದೇ ಇಲ್ಲ, ಮೆಮೊರಿ ತೀರಿ ಪ್ರಕ್ರಿಯೆಗಳ ಕೊಲೆ ಶುರುವಾಗುತ್ತದೆ.

ಬ್ಯಾಕಪ್ ಮುಗಿದ ಮೇಲೆ ಚಾಲ್ತಿ ಕೋಶಗಳ ಮೇಲೆ ಫೈಂಡ್ ಓಡಿಸಿ ಬಿಸಿಮಾಡುವುದೂ ಉಂಟು. ಬರೀ ಹೆಸರು ಪಟ್ಟಿ ಮಾಡಿಸಿದರೆ ಸಾಲದು, ಆಗ ಕೋಶದ ಬ್ಲಾಕ್‌ಗಳಷ್ಟೇ ಓದಿಕೊಳ್ಳುತ್ತದೆ. ಪ್ರಿಂಟ್‌ಎಫ್ ಕೊಟ್ಟು ಗಾತ್ರ ಕೇಳಿದರೆ ಮಾತ್ರ ಇನೋಡ್ ಮುಟ್ಟುತ್ತದೆ. ಫಲ ತಿಳಿಯಲು ವಿಎಂಸ್ಟ್ಯಾಟ್‌ನ ವರ್ಕಿಂಗ್‌ಸೆಟ್ ರೀಫಾಲ್ಟ್ ಫೈಲ್ ಅಂಕಿಯನ್ನು ಬೆಳಗಿನ ಗಂಟೆಯ ಆದಿ ಅಂತ್ಯಗಳಲ್ಲಿ ಓದಿ ಕಳೆಯಬೇಕು. ಹೊರತಳ್ಳಿದ ಪುಟ ಮತ್ತೆ ಬೇಕಾಗಿ ಬಂದ ಸಲಗಳ ಎಣಿಕೆ ಅದು.

ಇದು ಹೊಂದದ ಕಡೆ

ಎಕ್ಸ್‌ಟಿ4 ಬದಲು ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬಳಸುವವರಿಗೆ ಮೇಲಿನ ಡರ್ಟಿ ಗೆರೆಗಳು ಅನ್ವಯಿಸವು. ಅದಕ್ಕೆ ತನ್ನದೇ ಆರ್ಕ್ ಕ್ಯಾಶ್, ತನ್ನದೇ ಡರ್ಟಿ ಡೇಟಾ ಮ್ಯಾಕ್ಸ್ ಮಿತಿ ಇದೆ. ವಿಂಡೋಸ್ ರೀತಿಯ ಫೈಲ್ ಹಂಚಿಕೆ ನೀಡುವ ಸಾಂಬಾ ಸರ್ವರ್‌ಗೆ ಗೆರೆಗಳು ಅನ್ವಯಿಸುತ್ತವೆ, ಆದರೆ ಎನ್‌ಎಫ್‌ಎಸ್‌ನ ವೆರಿಫೈಯರ್‌ನಂಥ ಮರುಕಳಿಸುವ ಏರ್ಪಾಟು ಅಲ್ಲಿ ಸಿಗದು. ಅಪ್ಲಿಕೇಶನ್ ಫ್ಲಶ್ ಕೇಳದಿದ್ದರೆ ಡರ್ಟಿ ಪುಟಗಳಲ್ಲಿರುವುದೆಲ್ಲ ವಿದ್ಯುತ್ ಹೋದಾಗ ಹೋದಂತೆಯೇ. ಚಿಕ್ಕ ಡರ್ಟಿ ಬೈಟ್ಸ್‌ನಿಂದ ಅಲ್ಲಿ ಸುರಕ್ಷತೆಯೂ ಹೆಚ್ಚುತ್ತದೆ.

ಅದೇ ಸರ್ವರ್‌ಗೆ ನಿಧಾನದ ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಪ್ರತಿ ತೆಗೆಯುವ ಅಭ್ಯಾಸವಿದ್ದರೆ ಅದರ ಬಿಡಿಐ ಕೋಶದಲ್ಲಿ (ಡಿಸ್ಕ್‌ವಾರು ರೈಟ್‌ಬ್ಯಾಕ್ ಮಿತಿಗಳಿರುವ ಕರ್ನಲ್ ಕೋಶ) ಮ್ಯಾಕ್ಸ್ ರೇಷಿಯೋವನ್ನು ಶೇಕಡಾ 5ರಷ್ಟಕ್ಕೆ ಇಳಿಸಿಡುವುದು ಒಳ್ಳೆಯದು, ಇಲ್ಲದಿದ್ದರೆ ಎಲ್ಲರ ಪಾಲಿನ 1 ಜಿಬಿಯಲ್ಲಿ ಅದೊಂದೇ ದೊಡ್ಡ ಭಾಗ ಹಿಡಿದು ಕೂರಬಹುದು.

ಡಿಸ್ಕ್ ಒಂದು ಸತ್ತು ರೇಡ್ ಮರುನಿರ್ಮಾಣ ನಡೆಯುವಾಗ 120 ಎಂಬಿ ಎಂಬ ಆಧಾರವೇ ಅಲುಗುತ್ತದೆ. ಖಾಲಿ ಮಾಡುವ ವೇಗ 40 ಎಂಬಿಗೆ ಇಳಿದರೆ ಅದೇ 1 ಜಿಬಿಗೆ 25 ಸೆಕೆಂಡು ಬೇಕು, ಹಳೆಯ ನಿಧಾನ ಮರಳುತ್ತದೆ. ಆ ಅವಧಿಗೆ ಡರ್ಟಿ ಬೈಟ್ಸ್ 384 ಎಂಬಿ, ಹಿನ್ನೆಲೆ 96 ಎಂಬಿ. ಎರಡನ್ನೂ ಬೂಟ್ ಕಡತದಲ್ಲಿ ಬರೆಯದೆ ಓಡುವ ಕರ್ನಲ್‌ಗೆ ಮಾತ್ರ ಬರೆಯಬೇಕು. ಜೊತೆಗೆ ಎಂಡಿಯ ಮರುನಿರ್ಮಾಣ ವೇಗದ ಮಿತಿಯಾದ ಸಿಂಕ್ ಸ್ಪೀಡ್ ಮ್ಯಾಕ್ಸ್ ಅನ್ನು ಮೂಲದ ಸೆಕೆಂಡಿಗೆ 200000 ಕೆಬಿಯಿಂದ ಹಗಲಿನಲ್ಲಿ 50000ಕ್ಕೆ ಇಳಿಸಿ, ರಾತ್ರಿ ಬ್ಯಾಕಪ್ ಮುಗಿದ ಮೇಲೆ ಮತ್ತೆ ಏರಿಸಲು ಟೈಮರ್ ಹಾಕಬೇಕು. ಹಗಲು ಇಳಿಸಿದಷ್ಟೂ ಮರುನಿರ್ಮಾಣ ಉದ್ದವಾಗುತ್ತದೆ, ಆ ನಡುವೆ ಇನ್ನೊಂದು ಡಿಸ್ಕ್ ಹೋದರೂ ರೇಡ್ 6 ತಡೆಯುತ್ತದೆ, ಮೂರನೆಯದು ಹೋದರೆ ಇಲ್ಲ. ಹಾಗಾಗಿ ಎರಡನೆಯ ಡಿಸ್ಕ್ ಕೂಡ ಸತ್ತಿದ್ದರೆ ಬಳಕೆದಾರರ ವೇಗವನ್ನು ಬದಿಗಿಟ್ಟು ಮಿತಿಯನ್ನು ಹಗಲೂ 200000ದಲ್ಲೇ ಬಿಡುವುದು ಸರಿ.